ಮಡಿ ಎಂಬ ಎರಡಕ್ಷರ



ನಾಟ್ರಾಂಪಾಳ್ಯದ ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ನುಡಿಗಳು ನಮ್ಮ ಕಿವಿಗೆ ಬೀಳುತ್ತವೆ. ಆದುದರಿಂದ 'ಮಡಿ' ಎಂಬ ಮಾತನ್ನು ನಾವು ಸ್ವಲ್ಪ ವಿಚಾರಿಸಬೇಕು. ತೆಲುಗರಿಗೆ ಮಡಿಯೆಂದರೆ ಗದ್ದೆಯೂ ಹೌದು, ಮೈಲಿಗೆಯಿಲ್ಲದ ಸ್ಥಿತಿಯೂ ಹೌದು. ನಮಗೆ ಮೊದಲು ನೆನಪಾಗುವುದು ಮಡಿ-ಮೈಲಿಗೆಯೇ. ತಮಿಳರಿಗಾದರೋ ಮಡಿಯೆಂದರೆ ತಾಯಿಯ ಮಡಿಲು.

ಹಬ್ಬದ ದಿನ ನಮ್ಮ ಮನೆಯ ಹಿರಿಯರು "ಮಡಿಯಲ್ಲಿದ್ದೇನೆ, ಮುಟ್ಟಬೇಡ" ಎಂದು ಮಗುವನ್ನು ದೂರ ನಿಲ್ಲಿಸುವುದುಂಟು. ನೆರೆಮನೆಯ ತಮಿಳು ತಾಯಿ "ಮಡಿಯಲ್ಲಿ ಕೂತುಕೋ" ಎಂದು ತನ್ನ ನುಡಿಯಲ್ಲಿ ಮಗುವನ್ನು ಕರೆಯುತ್ತಾಳೆ.

12ನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಳಿಗೆ ಇಲ್ಲವೆಂದರು. ಹಾಗಾದರೆ ಸ್ನಾನ, ಶುಚಿ ಬೇಡವೆ? ಅವಶ್ಯವಾಗಿ ಬೇಕು. ಆದರೆ ಮೈ ತೊಳೆಯುವುದು ಬೇರೆ, ಮನುಷ್ಯರನ್ನು ದೂರವಿಡುವುದು ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆದುದರಿಂದಲೇ ನಾವು ಎಡವಿದೆವು. ಇಷ್ಟಲಿಂಗವನ್ನು ಹಿಡಿದ ಅಂಗೈಗೆ ಮಗುವಿನ ಸ್ಪರ್ಶದಿಂದ, ಕೂಲಿಗೆ ಬಂದ ನೆರೆಯವನ ಸ್ಪರ್ಶದಿಂದ ಮೈಲಿಗೆ ಬರುವುದೆ?

ನೆರೆಯವರಿಂದ ಉಪ್ಪು, ಬೆಲ್ಲ ಕಡ ತರುವ ನಾವು ಈ ಒಂದು ಅರ್ಥವನ್ನೂ ತಂದುಕೊಂಡರೆ ತಪ್ಪಿಲ್ಲ. ನಮ್ಮ ಮನೆಗಳ ಮಡಿ ಮಡಿಲಾಗಲಿ.