ಬಣ್ಣಕ್ಕೆ ಮುಂಚೆ ಗೋಡೆ



ಕ್ರಿಸ್ತಜಯಂತಿ ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ಸುಣ್ಣ ಬಣ್ಣದ ಮಾತು ಆರಂಭವಾಗುತ್ತದೆ. ಮಗಳ ಮದುವೆಯೂ ಗೊತ್ತಾಗಿದ್ದರಂತೂ ಹೇಳುವುದೇ ಬೇಡ. ಯಾವ ಬಣ್ಣ, ಎಷ್ಟು ಲೀಟರು, ಪೇಂಟರ್ ಎಂದು ಬರುತ್ತಾನೆ, ಇದೇ ಚಿಂತೆ. ಆದರೆ ನಡುಮನೆಯ ಮೂಲೆಯಲ್ಲಿ ಉಬ್ಬಿ ಪುಡಿ ಉದುರಿಸುತ್ತಿರುವ ಗಾರೆಗೆ ಏನು ಮಾಡಬೇಕೆಂದು ಕೇಳುವವರು ಕಡಿಮೆ. "ಮೇಲೆ ಎರಡು ಕೈ ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ ಬಿಡಿ" ಎನ್ನುತ್ತೇವೆ. ಅಷ್ಟೂ ಆಗದಿದ್ದರೆ ಅಲ್ಲೊಂದು ಕ್ಯಾಲೆಂಡರು ನೇತುಹಾಕುತ್ತೇವೆ.

ಅನುಭವವುಳ್ಳ ಗಾರೆ ಮೇಸ್ತ್ರಿಗೆ ಆ ಗೋಡೆ ತೋರಿಸಿ ನೋಡಿ. ಅವನು ಮೊದಲಿಗೆ ಬಣ್ಣದ ಮಾತೆತ್ತುವುದಿಲ್ಲ. ಬೆರಳಿನಿಂದ ಗೋಡೆ ತಟ್ಟುತ್ತಾನೆ. ಟೊಳ್ಳು ಸದ್ದು ಬಂದರೆ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ. ಆಮೇಲೆ ನೀರಿನ ಮೂಲ ಹುಡುಕುತ್ತಾನೆ. ತಾರಸಿಯ ಬಿರುಕೋ, ಬಚ್ಚಲಿನ ಪೈಪೋ, ನೆಲದಿಂದ ಏರುವ ತೇವವೋ? ಅದನ್ನು ನಿಲ್ಲಿಸದೆ ಮಾಡಿದ ಕೆಲಸವೆಲ್ಲ ವ್ಯರ್ಥ. ಗೋಡೆಯ ಮೇಲೆ ಬಿಳಿ ಹಿಟ್ಟಿನಂತೆ ಕಾಣುವುದು ಉಪ್ಪು. ನೀರು ಅದನ್ನು ಒಳಗಿನಿಂದ ಕರಗಿಸಿ ತಂದು, ತಾನು ಆರಿಹೋಗಿ, ಉಪ್ಪನ್ನು ಮಾತ್ರ ಬಿಟ್ಟುಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕರಗಿ ಮತ್ತೆ ಒಳಸೇರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿಯೇ ತೆಗೆಯಬೇಕು. ಹಿಂದಿನ ಸುಣ್ಣ ತೇವವನ್ನು ಹೊರಗೆ ಬಿಡುತ್ತಿತ್ತು. ಪ್ಲಾಸ್ಟಿಕ್ ಪೇಂಟು ಅದನ್ನು ಒಳಗೇ ತಡೆಯುತ್ತದೆ. ಕಡೆಗೆ ಆ ತೇವವೇ ಬಣ್ಣವನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ.

ದೇವರ ವಾಕ್ಯಕ್ಕೂ ಈ ಗೋಡೆಯ ಕಥೆ ಹೊಸದಲ್ಲ. ಯಾಜಕಕಾಂಡದ 14ನೇ ಅಧ್ಯಾಯವನ್ನು ತೆರೆದು ಓದಿರಿ. ಮನೆಯ ಗೋಡೆಯಲ್ಲಿ ಹಸಿರು ಅಥವಾ ಕೆಂಪು ಬಣ್ಣದ ಮಚ್ಚೆ ಆಳಕ್ಕೆ ಇಳಿದಿದ್ದರೆ ಯಾಜಕನಿಗೆ ತಿಳಿಸಬೇಕು. ಅವನು ಬಂದು ನೋಡಿ, ಏಳು ದಿನ ಮನೆ ಮುಚ್ಚಿಸಿ, ಮತ್ತೆ ಬಂದು ನೋಡುತ್ತಾನೆ. ಮಚ್ಚೆ ಹರಡಿದ್ದರೆ ಆ ಕಲ್ಲುಗಳನ್ನು ತೆಗೆಸಿ, ಒಳಗೋಡೆ ಕೆರೆಸಿ, ಬೇರೆ ಕಲ್ಲು ಇಡಿಸಿ ಹೊಸ ಗಾರೆ ಹಾಕಿಸಬೇಕು. ಮೇಲೆ ಬಳಿದು ಮುಚ್ಚಲು ಅಲ್ಲಿ ಅವಕಾಶವೇ ಇಲ್ಲ. ಇನ್ನು ಪ್ರವಾದಿ ಯೆಜೆಕಿಯೇಲನು 13ನೇ ಅಧ್ಯಾಯದಲ್ಲಿ, ಶಾಂತಿಯಿಲ್ಲದಿರುವಾಗ ಶಾಂತಿಯಿದೆ ಎನ್ನುವವರನ್ನು ದುರ್ಬಲ ಗೋಡೆಗೆ ಸುಣ್ಣ ಬಳಿಯುವವರಿಗೆ ಹೋಲಿಸುತ್ತಾನೆ. ಮಳೆ ಬಿದ್ದ ದಿನ ಆ ಗೋಡೆಯ ಬುಡವೇ ಬಯಲಾಗುತ್ತದೆ.

ನಮ್ಮ ಕುಟುಂಬಗಳಲ್ಲಿ ಇಂಥ ಗೋಡೆ ಇಲ್ಲವೇ? ಅಪ್ಪನ ಜಮೀನು ಪಾಲಾದ ದಿನದಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಹಬ್ಬದ ದಿನ ಕೇಕು, ಕಲ್‌ಕಲ್ ತಟ್ಟೆ ಮಾತ್ರ ಮಕ್ಕಳ ಕೈಯಲ್ಲಿ ಹೋಗಿ ಬರುತ್ತದೆ. ಗಂಡನ ಕುಡಿತವನ್ನು ಹೆಂಡತಿ ನೆಂಟರಿಂದ ಮುಚ್ಚಿಡುತ್ತಾಳೆ. ಏಟು ತಿಂದವಳಿಗೆ ನಾವು "ಸ್ವಲ್ಪ ಸಹಿಸಿಕೋ ಮಗಳೇ" ಎನ್ನುತ್ತೇವೆ. ಅದು ಸಮಾಧಾನವಲ್ಲ, ಸುಣ್ಣ. ಆಕೆಗೆ ಮೊದಲು ಬೇಕಾದದ್ದು ರಕ್ಷಣೆ, ಆಮೇಲೆ ಉಳಿದ ಮಾತು.

ಹಾಗೆಂದು ಗೋಡೆಯನ್ನೇ ಕೆಡವಬೇಕೆಂದಲ್ಲ. ಮೇಸ್ತ್ರಿ ಟೊಳ್ಳಾದದ್ದನ್ನಷ್ಟೇ ಉಳಿಯಿಂದ ಕೆತ್ತಿ, ಗಟ್ಟಿ ಗಾರೆ ಸಿಕ್ಕಿದ ಕಡೆ ನಿಲ್ಲಿಸುತ್ತಾನೆ. ಜಗಳ ಬಗೆಹರಿಸಲು ಕೂತವರೂ ಇದನ್ನು ಕಲಿಯಬೇಕು. ಪಾಲಿನ ವಿಷಯವಾದರೆ ಪಾಲಿನ ವಿಷಯ ಮಾತ್ರ ಆಡಿರಿ. ಇಪ್ಪತ್ತು ವರ್ಷದ ಹಿಂದಿನ ನಾಮಕರಣಕ್ಕೆ ಕರೆಯಲಿಲ್ಲವೆಂಬ ಮಾತನ್ನು ಕೆದಕಬೇಡಿರಿ. ಇಬ್ಬರ ನಡುವೆ ಗಟ್ಟಿಯಾಗಿ ಉಳಿದಿರುವುದೂ ಇದೆ: ಒಂದೇ ತಾಯಿಯ ಹಾಲು, ಒಂದೇ ಮನೆಯ ಜಪಸರ.

ಹೊಸ ಗಾರೆ ಹಾಕಿದ ಮರುದಿನವೇ ಬಣ್ಣ ಹಚ್ಚಲಾಗದು. ಒಂದು ವಾರವಾದರೂ ನೀರು ಚಿಮುಕಿಸಿ ಹದಮಾಡಬೇಕು. ಆಮೇಲೆ ಒಣಗಲು ಬಿಡಬೇಕು. ಒಟ್ಟು ನಾಲ್ಕು ವಾರವಾದರೂ ಹಿಡಿಯುತ್ತದೆ. ಧರ್ಮಸಭೆ ನಮಗೆ ಕೊಡುವ ಆಗಮನ ಕಾಲವೂ ಹೆಚ್ಚುಕಡಿಮೆ ಅಷ್ಟೇ, 22ರಿಂದ 28 ದಿನ. ಕ್ಷಮೆ ಕೇಳಿದ ಮರುಕ್ಷಣ ಎಲ್ಲವೂ ಮೊದಲಿನಂತಾಗಲಿಲ್ಲವೆಂದು ನಿರಾಶರಾಗಬೇಡಿರಿ. ಹಸಿ ಗಾರೆಗೂ ಸಮಯ ಬೇಕು.

ಬಲಿಪೀಠದ ಬಳಿ ಕಾಣಿಕೆಯನ್ನು ಬಿಟ್ಟು, ಮೊದಲು ಸಹೋದರನೊಡನೆ ರಾಜಿಯಾಗಲು ಹೋಗಬೇಕೆಂದು ಪ್ರಭು ಯೇಸು ಬೋಧಿಸಿದ್ದನ್ನು (ಮತ್ತಾಯ 5) ನಾವೆಲ್ಲ ಕೇಳಿದ್ದೇವೆ. ಪ್ರಿಯ ಓದುಗರೇ, ಈ ಸಲ ಪೇಂಟರ್‌ಗೆ ಹೇಳಿಕಳಿಸುವ ಮುಂಚೆ ಒಂದು ಸಂಜೆ ಗಂಡ ಹೆಂಡತಿ ಕೂತು ಮನೆಯ ಗೋಡೆಗಳನ್ನು ತಟ್ಟಿ ನೋಡಿರಿ. ಎಲ್ಲಿ ಟೊಳ್ಳು, ನೀರು ಎಲ್ಲಿಂದ ಎಂದು ಒಬ್ಬರನ್ನೊಬ್ಬರು ಕೇಳಿರಿ. ಕೆರೆಯಬೇಕಾದುದನ್ನು ಪಾಪನಿವೇದನೆಯಲ್ಲಿ ಗುರುಗಳ ಮುಂದೆ ಕೆರೆಯಿರಿ. ಆಮೇಲೆ ತಮ್ಮನ ಮನೆಗೆ ತಟ್ಟೆಯನ್ನು ಮಕ್ಕಳ ಕೈಯಲ್ಲಿ ಕಳಿಸದೆ ನೀವೇ ತೆಗೆದುಕೊಂಡು ಹೋಗಿರಿ. ಈ ವರ್ಷ ಬಣ್ಣಕ್ಕೆ ಹಣ ಸಾಲದಿದ್ದರೂ ಚಿಂತೆಯಿಲ್ಲ. ಗೋದಲಿಯಲ್ಲಿ ಮಲಗಿದ ಬಾಲಯೇಸು ಬಣ್ಣವಿಲ್ಲದ ಮನೆಗೂ ಸಂತೋಷದಿಂದ ಬರುತ್ತಾರೆ.