ಎರಡು ಕಡೆ ಇಟ್ಟ ಮಾತು

ಕಳೆದ ವರ್ಷ ಒಂದು ಶನಿವಾರ, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಯೊಂದರ ಮುಂದೆ ನಿಂತು ನನ್ನ ಅಕ್ಕನ ಮಗ ಕೇಳಿದ: “ಮಾವ, ನಿಮಗೆ ಯಾವ ರೇಡ್ ಬೇಕು?”

ರೇಡ್ ಎಂದರೆ ನಮ್ಮಂಥವರಿಗೆ ಗೊತ್ತಿರುವುದು ಆದಾಯ ತೆರಿಗೆಯವರು ಬೆಳಗಿನ ಜಾವ ಬಂದು ಕದ ತಟ್ಟುವುದು. ಬಚ್ಚಿಟ್ಟದ್ದನ್ನು ಹೊರಗೆಳೆಯುವ ವ್ಯವಹಾರ. ಇದು ಅದಕ್ಕೆ ತೀರ ವಿರುದ್ಧವಾದುದು. ಇಟ್ಟದ್ದು ಕಳೆದುಹೋಗದಂತೆ ಹಲವು ಹಾರ್ಡ್ ಡಿಸ್ಕುಗಳನ್ನು ಒಂದೇ ಸಂಸಾರವಾಗಿ ಹೂಡುವ ಕ್ರಮ. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ಇದನ್ನು ಕುರಿತು ಒಂದು ಪ್ರಬಂಧ ಬರೆದು ಈ ಹೆಸರು ಕೊಟ್ಟರು. ಹೆಸರಿನೊಳಗೆ ಆಗ ‘ಅಗ್ಗದ’ ಡಿಸ್ಕುಗಳು ಎಂಬ ಮಾತಿತ್ತು. ಮುಂದೆ ವ್ಯಾಪಾರಿಗಳ ಕೈಗೆ ಬಿದ್ದಾಗ ‘ಅಗ್ಗದ’ ಎಂಬುದು ಮೆಲ್ಲನೆ ಜಾರಿ, ಅದೇ ಅಕ್ಷರಕ್ಕೆ ‘ಸ್ವತಂತ್ರ’ ಎಂಬ ಅರ್ಥ ಬಂದಿತು. ಮಾರುವವನು ತನ್ನ ಸರಕನ್ನು ಅಗ್ಗವೆಂದು ಹೆಸರಿನಲ್ಲೇ ಹೇಳಿಕೊಂಡಾನೆಯೆ?

ನನಗೆ ಇದರ ಅವಶ್ಯಕತೆ ಬಂದ ಬಗೆ ಹೀಗೆ. ನಿವೃತ್ತನಾದ ಮೇಲೆ ನಾನು ಒಂದು ಕ್ಯಾಮರಾ ಹೊತ್ತುಕೊಂಡು ಸಾಗರ, ಶಿವಮೊಗ್ಗಗಳ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದೇನೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತಷ್ಟೆ. ಆಗ ಮನೆ, ತೋಟ, ದೇವರ ಬನ ಎಲ್ಲವನ್ನೂ ನೀರಿಗೆ ಬಿಟ್ಟು ಲಾರಿ ಹತ್ತಿ ಬಂದವರಲ್ಲಿ ಕೆಲವರು ಈಗಲೂ ಇದ್ದಾರೆ; ಎಂಬತ್ತು ದಾಟಿದವರು. ಅವರನ್ನು ಜಗಲಿಯ ಮೇಲೆ ಕೂರಿಸಿ ಮಾತಾಡಿಸುವುದು ನನ್ನ ಕೆಲಸ. ಮುಳುಗಿದ ಊರಿಗೆ ಇನ್ನು ಅವರ ನಾಲಗೆಯೇ ಭೂಪಟ. ಅರವತ್ತು ಗಂಟೆಗಳಷ್ಟು ಚಿತ್ರ ಸೇರಿತ್ತು. ಸೆಕೆಂಡಿಗೆ ನೂರು ಮೆಗಾಬಿಟ್ ಬರೆಯುವ ಕ್ಯಾಮರಾ ಗಂಟೆಗೆ 45 ಗಿಗಾಬೈಟ್ ನುಂಗುತ್ತದೆ. ಅರವತ್ತು ಗಂಟೆಗೆ 2,700. ಇನ್ನೂ ಎರಡು ಬೇಸಗೆಯ ಕೆಲಸ ಬಾಕಿ. ಅಲ್ಲಿಯವರೆಗೆ ಇದೆಲ್ಲ ಮೇಜಿನ ಖಾನೆಯಲ್ಲಿದ್ದ ಒಂದೇ ಒಂದು ಡಿಸ್ಕಿನಲ್ಲಿತ್ತು ಎಂದು ತಿಳಿದಾಗ ಹುಡುಗ ತಲೆಯ ಮೇಲೆ ಕೈ ಹೊತ್ತುಕೊಂಡ.

ಅವನು ತಿಳಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕುಗಳಿವೆ ಎಂದಿಟ್ಟುಕೊಳ್ಳೋಣ. ಚಿತ್ರವನ್ನು ಚೂರುಚೂರಾಗಿ ನಾಲ್ಕಕ್ಕೂ ಹಂಚಿ ಬರೆದರೆ ಹದಿನಾರು ಟೆರಾಬೈಟೂ ನಮ್ಮದೇ. ಓದುವ ಬರೆಯುವ ವೇಗವೂ ಹೆಚ್ಚು. ಆದರೆ ಒಂದು ಸತ್ತರೆ ನಾಲ್ಕೂ ಸತ್ತಂತೆ. ಇದಕ್ಕೆ ರೇಡ್ ಸೊನ್ನೆ ಎಂದು ಹೆಸರಿಟ್ಟವರು ಪ್ರಾಮಾಣಿಕರು. ಎರಡನೆಯ ಬಗೆಯಲ್ಲಿ ಒಂದರ ಪಡಿನೆರಳಾಗಿ ಇನ್ನೊಂದಿರುತ್ತದೆ. ಎಂಟು ಮಾತ್ರ ನಮಗೆ ದಕ್ಕುತ್ತದೆ. ಇವೆರಡರ ನಡುವೆ ನನಗೆ ಬಹಳ ಹಿಡಿಸಿದ ಉಪಾಯವೆಂದರೆ ರೇಡ್ ಐದು. ಮೂವರ ಕೈಯಲ್ಲಿ ಮೂರು ಅಂಕಿಗಳಿವೆ. ನಾಲ್ಕನೆಯವನು ಅವುಗಳ ಮೊತ್ತವನ್ನು ಮಾತ್ರ ಬರೆದಿಟ್ಟುಕೊಂಡಿದ್ದಾನೆ. ಮೂವರಲ್ಲಿ ಯಾರೊಬ್ಬ ಹೋದರೂ ಉಳಿದವರು ಕೂಡಿ, ಕಳೆದು, ಹೋದವನ ಅಂಕಿಯನ್ನು ಹೇಳಬಲ್ಲರು. ಯಂತ್ರದೊಳಗಿನ ಲೆಕ್ಕ ಬೇರೆ ತೆರನಾದುದು, ಮೊತ್ತ ಹೊರುವ ಕೆಲಸವನ್ನೂ ನಾಲ್ವರು ಸರದಿಯ ಮೇಲೆ ಮಾಡುತ್ತಾರೆ. ತತ್ತ್ವ ಮಾತ್ರ ಇದೇ. ಹನ್ನೆರಡು ಟೆರಾಬೈಟ್ ದಕ್ಕಿತು, ಒಂದು ಸಾವನ್ನು ತಾಳಿಕೊಳ್ಳುವ ಶಕ್ತಿಯೂ ಬಂದಿತು.

“ಹಾಗಾದರೆ ಇದೇ ಇರಲಿ” ಎಂದೆ. ಹುಡುಗ ಒಪ್ಪಲಿಲ್ಲ. ಒಂದು ಡಿಸ್ಕು ಸತ್ತಾಗ ಹೊಸದನ್ನು ತುಂಬಲು ಉಳಿದ ಮೂರನ್ನೂ ಮೊದಲಿಂದ ಕೊನೆಯವರೆಗೆ ಓದಬೇಕು. ಅದು ಹಲವು ಗಂಟೆಗಳ ದುಡಿಮೆ. ನಾಲ್ಕೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡವು, ಒಂದೇ ಬಿಸಿಲು ಉಂಡವು. ಅಣ್ಣನ ಸೂತಕ ಕಳೆಯುವ ಮೊದಲೇ ತಮ್ಮನೂ ಹೊರಟರೆ ಎಲ್ಲವೂ ಹೋಯಿತು. ಆದುದರಿಂದ ಯಾವ ಎರಡು ಸತ್ತರೂ ಉಳಿಯುವ ರೇಡ್ ಆರು ಇರಲಿ. ಎಂಟೇ ಟೆರಾಬೈಟ್ ದಕ್ಕಿದರೂ ಚಿಂತೆಯಿಲ್ಲ, ಬರೆಯುವುದು ತುಸು ನಿಧಾನವಾದರೂ ಚಿಂತೆಯಿಲ್ಲ ಎಂದ. ನನ್ನ ಅಜ್ಜ ಅಜ್ಜಿಯರಿಗೂ ಅವಸರವಿರಲಿಲ್ಲ. ಆರೇ ಆಯಿತು.

ದುಡ್ಡು ಎಣಿಸುವಾಗ ಅವನು ಇನ್ನೊಂದು ಮಾತು ಸೇರಿಸಿದ: “ಇಷ್ಟಾದರೂ ಇದು ಬ್ಯಾಕಪ್ ಅಲ್ಲ, ಮಾವ.” ನನಗೆ ಸಿಟ್ಟು ಬಂತು. ಎರಡು ಡಿಸ್ಕಿನಷ್ಟು ಜಾಗವನ್ನು ಬಿಟ್ಟುಕೊಟ್ಟ ಮೇಲೂ ಅಲ್ಲವೆಂದರೆ?

ಅವನು ಹೇಳಿದ್ದು ನಿಜ. ಈ ಏರ್ಪಾಡು ಕಾಯುವುದು ಡಿಸ್ಕಿನ ಸಾವಿನಿಂದ, ಮನುಷ್ಯನ ಕೈಯಿಂದಲ್ಲ. ನಾನು ‘ಅಳಿಸು’ ಎಂದರೆ ನಾಲ್ಕೂ ಡಿಸ್ಕುಗಳು ಪರಮ ವಿಧೇಯತೆಯಿಂದ ಒಟ್ಟಿಗೆ ಅಳಿಸುತ್ತವೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯವರು ‘ಟಾಯ್ ಸ್ಟೋರಿ 2’ ಚಿತ್ರ ತಯಾರಿಸುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಭಾಗ ಕಣ್ಣೆದುರೇ ಅಳಿಸಿಹೋಯಿತು. ಬ್ಯಾಕಪ್ ಎಂದು ನಂಬಿದ್ದುದೂ ಕೆಟ್ಟಿತ್ತು. ಉಳಿಸಿದ್ದು ಗ್ಯಾಲಿನ್ ಸುಸ್‌ಮನ್ ಎಂಬ ಬಾಣಂತಿ. ಮನೆಯಿಂದಲೇ ಕೆಲಸ ಮಾಡಲೆಂದು ಆಕೆ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಳು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಮಗುವಿನಂತೆ ತಂದರಂತೆ. ಉಳಿಸಿದ್ದು ಎಚ್ಚರಿಕೆಯಲ್ಲ, ದೂರ.

ನಮ್ಮವರಿಗೆ ಇದು ಹೊಸ ವಿದ್ಯೆಯೇನಲ್ಲ. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಬರೆಸಿ ಹಂಚಿದಳು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಸಾವಿರವನ್ನೂ ಒಂದೇ ಬಸದಿಯ ಪೆಟ್ಟಿಗೆಯಲ್ಲಿಟ್ಟಿದ್ದರೆ ಗೆದ್ದಲಿಗೆ ಹಬ್ಬವಾಗುತ್ತಿತ್ತು. ಅದು ಹತ್ತನೆಯ ಶತಮಾನದ ಮಾತು. ಇಪ್ಪತ್ತನೆಯ ಶತಮಾನದ ನಾವೋ, 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯನ್ನೂ ಉಳಿಸಿಕೊಳ್ಳಲಿಲ್ಲ.

ಹೀಗಾಗಿ ಇನ್ನೊಂದು ದೊಡ್ಡ ಡಿಸ್ಕು ಕೊಂಡು, ಎಲ್ಲವನ್ನೂ ಅದಕ್ಕೆ ತುಂಬಿ, ಮೈಸೂರಿನಲ್ಲಿರುವ ಅಕ್ಕನ ಮನೆಗೆ ಕಳುಹಿಸಿದೆವು. ಅವಳು ಅದನ್ನು ಹಳೆಯ ರೇಷ್ಮೆಯ ಚೂರಿನಲ್ಲಿ ಕಟ್ಟಿ, ಗೋದ್ರೆಜ್ ಬೀರುವಿನಲ್ಲಿ ಬೆಳ್ಳಿ ಪಾತ್ರೆಗಳ ಹಿಂದೆ ಇಟ್ಟಳು. ನಾನು ನಿಶ್ಚಿಂತನಾದೆ.

ಆ ನಿಶ್ಚಿಂತೆ ಮೂರು ತಿಂಗಳು ಬಾಳಿತು. ನಾನು ಮಾತಾಡಿಸಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಂದ ಫೋನು ಮಾಡಿಸಿದರು. ಊರು ಬಿಟ್ಟ ದಿನಗಳನ್ನು ನೆನೆಯುತ್ತ ಅವರು ತಮ್ಮ ಮನೆಯವರೊಬ್ಬರ ವಿಷಯವಾಗಿ ಹನ್ನೊಂದು ನಿಮಿಷ ಮಾತಾಡಿದ್ದರು. ಏನು ಮಾತು ಎಂದು ಇಲ್ಲಿ ಬರೆದರೆ ಈ ಲೇಖನ ಬರೆದುದೇ ವ್ಯರ್ಥ. “ಅದೊಂದು ತೆಗೆದುಬಿಡು ತಮ್ಮಾ. ಅವರ ಮಕ್ಕಳೂ ನಮ್ಮ ಮಕ್ಕಳೂ ಈಗ ಚೆನ್ನಾಗಿದ್ದಾರೆ. ಅವತ್ತು ನೀನು ಕೇಳಿದೆ, ನಾನು ಹೇಳಿದೆ, ಅಷ್ಟೆ.” ಆಗಲಿ ಅಜ್ಜಿ ಎಂದೆ. ಅಂದೇ ಸಂಜೆ ಆ ಹನ್ನೊಂದು ನಿಮಿಷಗಳನ್ನು ಅಳಿಸಿದೆ. ನಾಲ್ಕೂ ಡಿಸ್ಕುಗಳು ವಿಧೇಯವಾಗಿದ್ದವು. ಅಜ್ಜಿಗೆ ಫೋನು ಮಾಡಿ ತೆಗೆದೆನೆಂದು ಹೇಳಿದೆ.

ರಾತ್ರಿ ಮಲಗಿದಾಗ ಬೀರು ನೆನಪಾಯಿತು.

ಮರುದಿನ ಹುಡುಗನನ್ನು ಕೇಳಿದರೆ ಅವನ ಉತ್ತರ ಸಿದ್ಧವಾಗಿತ್ತು. “ಬ್ಯಾಕಪ್ ಇರುವುದೇ ಇದಕ್ಕಲ್ಲವೆ ಮಾವ? ಅವಸರದಲ್ಲಿ ಅಳಿಸಿದ್ದು ಮುಂದೆ ಬೇಕಾಗಬಹುದು. ಅವರೂ ಮನಸ್ಸು ಬದಲಾಯಿಸಬಹುದು. ಯಾರೂ ನೋಡುವುದಿಲ್ಲ, ಇರಲಿ ಬಿಡಿ.” ಈ ವಾದ ಹಗುರವಾದುದಲ್ಲ. ಆ ಹನ್ನೊಂದು ನಿಮಿಷ ಒಂದು ಮನೆಯ ಜಗಳ ಮಾತ್ರವಾಗಿರಲಿಲ್ಲ; ಮುಳುಗಡೆಯಿಂದ ಮನುಷ್ಯರ ನಡುವೆ ಏನಾಯಿತೆಂಬುದಕ್ಕೆ ನನ್ನ ಅರವತ್ತು ಗಂಟೆಗಳಲ್ಲಿ ಅಷ್ಟು ನಿಚ್ಚಳವಾದ ಸಾಕ್ಷ್ಯ ಬೇರೆಯಿಲ್ಲ. ನೀರು ಒಂದು ಸಲ ಮುಳುಗಿಸಿದ್ದನ್ನು ನಾನೇ ಎರಡನೆಯ ಸಲ ಮುಳುಗಿಸಲೆ?

ಹಲವು ದಿನ ಇದೇ ಯೋಚನೆ. ಅತ್ತಿಮಬ್ಬೆ ಸಾವಿರ ಪ್ರತಿ ಹಂಚಿದ ಮೇಲೆ ಪೊನ್ನನೇ ಎದ್ದುಬಂದು ಒಂದು ಪದ್ಯ ಬೇಡವೆಂದಿದ್ದರೂ ಅವಳಿಂದ ಅದು ಸಾಧ್ಯವಾಗುತ್ತಿರಲಿಲ್ಲ. ಹಂಚಿ ಉಳಿಸುವವನು ಅಳಿಸುವ ಅಧಿಕಾರವನ್ನು ಬಿಟ್ಟುಕೊಟ್ಟಿರುತ್ತಾನೆ. ಕಾವ್ಯಕ್ಕೆ ಅದು ಸರಿ. ಕವಿ ಲೋಕಕ್ಕೆಂದೇ ಬರೆದದ್ದು. ಜಗಲಿಯ ಮೇಲೆ ಕಾಫಿ ಕುಡಿಯುತ್ತ ಹೇಳಿದ್ದು ಹಾಗಲ್ಲ. ನಮ್ಮ ಧರ್ಮಶಾಸ್ತ್ರಗಳಲ್ಲಿ ನಿಕ್ಷೇಪವೆಂದು ಒಂದು ಪ್ರಕರಣವಿದೆ. ಮನು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಅದು ಎರಡನೆಯದು. ನಂಬಿ ಇಟ್ಟ ಒಡವೆಯನ್ನು ಇಟ್ಟವರು ಕೇಳಿದಾಗ ಹಿಂದಿರುಗಿಸಬೇಕು. ಇಲ್ಲದವನು ಕಳ್ಳನಿಗೆ ಸಮಾನ. ಮಾತನ್ನು ಹಿಂದಿರುಗಿಸುವುದು ಹೇಗೆ? ನನ್ನ ಬಳಿ ಇಲ್ಲದಂತೆ ಮಾಡುವುದೊಂದೇ ದಾರಿ. ‘ಯಾರೂ ನೋಡುವುದಿಲ್ಲ’ ಎಂಬುದು ಒಡವೆಯನ್ನು ನುಂಗಿದವನೂ ಹೇಳುವ ಮಾತೇ. ಚರಿತ್ರೆಗೆ ಸಾಕ್ಷ್ಯ ಬೇಕು, ದಿಟ. ಆದರೆ ಆ ಅಜ್ಜಿ ಸರ್ಕಾರದ ಕಡತವಲ್ಲ. ಅವರ ಕೈಯಿಂದ ಒಮ್ಮೆ, ಅವರನ್ನು ಕೇಳದೆ, ಎಲ್ಲರ ಒಳಿತಿಗೆಂದು ಮನೆ ತೋಟಗಳನ್ನು ತೆಗೆದುಕೊಂಡದ್ದಾಗಿದೆ. ಅದೇ ಒಳಿತಿನ ಹೆಸರಿನಲ್ಲಿ ಈಗ ಮಾತನ್ನೂ ಇಟ್ಟುಕೊಳ್ಳುವುದು ನನ್ನಿಂದಾಗಲಿಲ್ಲ.

ಮೈಸೂರಿಗೆ ಹೋದೆ. ಅಕ್ಕ ರೇಷ್ಮೆಯ ಗಂಟು ಬಿಚ್ಚಿ ಕೊಟ್ಟಳು. ಅಳಿಸುವ ಮೊದಲು ಒಂದು ಸಲ ನೋಡಬಹುದೇ ಎಂದು ಮನಸ್ಸು ಕೇಳಿತು, ನೋಡಲಿಲ್ಲ. ನಿಜವಾಗಿ ಅಳಿಸಬೇಕೆ ಎಂದು ಕಂಪ್ಯೂಟರು ಕೇಳಿತು, ಹೌದೆಂದೆ. ಅಕ್ಕ ಹಿಂದೆ ನಿಂತು, “ಏನೋ ಅದು, ಅಷ್ಟು ದೂರದಿಂದ ಬಂದು ಒಂದು ಗುಂಡಿ ಒತ್ತಿದೆ?” ಎಂದಳು. ಹೇಳಲು ಬಾಯಿ ತೆರೆದೆ. ಆಮೇಲೆ ಊಟಕ್ಕೇನು ಮಾಡಿದ್ದೀಯೆ ಎಂದು ಕೇಳಿದೆ.