ಕೊಳ್ಳುವವನ ಮನಸ್ಸು

ಬೀದರಿನ ಗಾಂಧಿ ಗಂಜದಲ್ಲಿ ತೊಗರಿಯ ಸುಗ್ಗಿ ಬಂದಿತೆಂದರೆ ಭಾಲ್ಕಿ, ಔರಾದ ಕಡೆಯ ಹಳ್ಳಿಗಳ ಚೀಲಗಳು ಅಡತ ಅಂಗಡಿಗಳ ಮುಂದೆ ಸಾಲುಗಟ್ಟುತ್ತವೆ. ಖರೀದಿದಾರನು ಚೀಲದೊಳಗೆ ಕೈಯಿಳಿಸಿ, ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಒಂದೆರಡನ್ನು ಹಲ್ಲಿನಿಂದ ಕಡಿದು, ತೇವವೆಷ್ಟು ಕಸವೆಷ್ಟು ಎಂಬುದನ್ನು ರೈತನ ಕಣ್ಣೆದುರಿನಲ್ಲಿಯೇ ನಿರ್ಣಯಿಸುತ್ತಾನೆ. ರೈತನಾದರೋ ಆ ಹೊತ್ತು ಅವನ ಮುಖವನ್ನು ಓದುತ್ತಿರುತ್ತಾನೆ. ದರದ ವಿಷಯದಲ್ಲಿ ಜಗಳವಾಗಬಹುದು, ತೂಕದಲ್ಲಿ ಅನ್ಯಾಯವೂ ನಡೆಯಬಹುದು. ಆದರೂ ತನ್ನನ್ನು ಎದುರಿನವನು ಪರೀಕ್ಷಿಸುತ್ತಿದ್ದಾನೆಂಬುದು ಅಲ್ಲಿ ಇಬ್ಬರಿಗೂ ಗೊತ್ತು.

ಅಂತರ್ಜಾಲದ ವ್ಯಾಪಾರದಲ್ಲಿ ಈ ಪರಸ್ಪರತೆ ಇಲ್ಲ. ಯಾವ ಬರಹವನ್ನು ಹೆಚ್ಚು ಜನ ಓದಿದರು, ಯಾವ ಶೀರ್ಷಿಕೆಗೆ ಮರುಳಾದರು, ಯಾವ ವಿಡಿಯೋವನ್ನು ಎಷ್ಟು ಕ್ಷಣ ನೋಡಿ ಬೆರಳಿನಿಂದ ಮೇಲಕ್ಕೆ ಸರಿಸಿದರು ಎಂಬುದನ್ನೆಲ್ಲ ಸಂಗ್ರಹಿಸಿ, ಜನಪ್ರಿಯವಾದುದರ ಅಚ್ಚಿನಲ್ಲಿಯೇ ತನ್ನ ಮಾತನ್ನೂ ಎರಕಹೊಯ್ದು ಸರಕು ಮಾರುವುದು ಈಗ ಒಂದು ಶಾಸ್ತ್ರವೇ ಆಗಿ ಬೆಳೆದಿದೆ. ಹಾಗೆ ನೋಡಲ್ಪಟ್ಟವನಿಗೆ ನೋಡಿದವನ ಮುಖ ಕಾಣುವುದೇ ಇಲ್ಲ. ಒಬ್ಬನ ಆಸೆಯನ್ನು ಅವನಿಗೆ ತಿಳಿಯದಂತೆ ತಿಳಿದುಕೊಳ್ಳುವುದು ಧರ್ಮವೇ, ಮತ್ತು ಹಾಗೆ ತಿಳಿದದ್ದನ್ನು ಅರಿವೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ವ್ಯಾಪಾರಿಗಳಿಗೆ ಮಾತ್ರ ಬಿಟ್ಟುಬಿಡುವುದು ತರವಲ್ಲವೆಂದು ನನ್ನ ಭಾವನೆ.

ಕಠೋಪನಿಷತ್ತಿನಲ್ಲಿ ನಚಿಕೇತನು ಮೂರನೆಯ ವರವಾಗಿ ಮರಣಾನಂತರ ಮನುಷ್ಯನು ಉಂಟೋ ಇಲ್ಲವೋ ಎಂಬುದನ್ನು ಕೇಳಿದಾಗ ಯಮನು ಮೊದಲು ಉತ್ತರ ಕೊಡುವುದಿಲ್ಲ. ಅದಕ್ಕೆ ಬದಲಾಗಿ ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಗೋವುಗಳು, ಆನೆ ಕುದುರೆಗಳು, ಚಿನ್ನ, ವಿಶಾಲವಾದ ಭೂಮಿ, ರಥ ವಾದ್ಯಗಳೊಡನೆ ಬರುವ ಸುಂದರಿಯರು, ಬೇಕಾದಷ್ಟು ಆಯುಸ್ಸು ಎಂದು ಒಂದರ ಮೇಲೊಂದಾಗಿ ಮುಂದಿಡುತ್ತಾನೆ. ಸಾಯುವವರೆಲ್ಲರ ಕಡೆಯ ಆಸೆಗಳನ್ನು ಬಲ್ಲವನಿಗಲ್ಲದೆ ಇಂಥ ಪಟ್ಟಿ ಯಾರಿಗೆ ಹೊಳೆದೀತು! ಲೋಕದಲ್ಲಿ ಜನಪ್ರಿಯವಾದುದೆಲ್ಲವೂ ಅದರಲ್ಲಿದೆ. ಎದುರಿಗೆ ನಿಂತ ಹುಡುಗನು ಕೇಳಿದ್ದೊಂದು ಮಾತ್ರ ಇಲ್ಲ. ಬಹುಜನರ ಇಚ್ಛೆಯನ್ನು ಎಷ್ಟು ನಿಷ್ಕೃಷ್ಟವಾಗಿ ಎಣಿಸಿದರೂ ಈ ಒಬ್ಬನ ಪ್ರಶ್ನೆ ಅದರಿಂದ ಹೊರಗುಳಿಯುವುದುಂಟೆಂಬುದೂ, ಪ್ರೇಯಸ್ಸನ್ನು ನೀಡಬಲ್ಲವನು ಶ್ರೇಯಸ್ಸನ್ನು ಮುಚ್ಚಿಡಲೂ ಬಲ್ಲನೆಂಬುದೂ ಇಲ್ಲಿ ಸ್ಪಷ್ಟವಾಗಿದೆ. ಯಮನು ಪರೀಕ್ಷೆಗಾಗಿ ಹಾಗೆ ಮಾಡಿದನು, ಹುಡುಗನು ಒಪ್ಪದಿದ್ದಾಗ ಸಂತೋಷಪಟ್ಟನು. ನಮ್ಮ ಕಾಲದ ಮಾರಾಟಗಾರನು ಗಿರಾಕಿಯು ಒಪ್ಪದಿದ್ದರೆ ಪಟ್ಟಿಯನ್ನು ತಿದ್ದಿ ಮತ್ತೆ ಒಡ್ಡುತ್ತಾನೆ.

ಇದೇ ಬೀದರಿಗೆ ಬಹಮನಿ ಸುಲ್ತಾನರ ಕಾಲದಲ್ಲಿ, ಮಹಮೂದ್ ಗಾವಾನನು ವಜೀರನಾಗಿದ್ದಾಗ, ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನು ಬಂದಿದ್ದನು. ಮಾರಲೆಂದು ಒಂದು ಕುದುರೆಯನ್ನು ತಂದಿದ್ದನು. ಹಿಂದುಸ್ತಾನದಲ್ಲಿ ನಿನ್ನ ದೇಶಕ್ಕೆ ಬೇಕಾದ ಸರಕು ಹೇರಳವಾಗಿದೆಯೆಂದು ಇತರ ವರ್ತಕರು ಹೇಳಿದ್ದನ್ನು ನಂಬಿ ಸಮುದ್ರಗಳನ್ನು ದಾಟಿದ ಅವನು, ಇಲ್ಲಿಗೆ ಬಂದಮೇಲೆ ತನ್ನ ನಾಡಿಗೆ ಹೊಂದುವಂಥದು ಏನೂ ಇಲ್ಲವೆಂದು ನೊಂದು ಬರೆದುಕೊಂಡಿದ್ದಾನೆ. ಬೀದರಿಗೆ ಬರುವ ಮೊದಲು ಜುನ್ನರಿನ ಖಾನನು ಆ ಕುದುರೆಯನ್ನು ಕಿತ್ತುಕೊಂಡು, ನೀನು ನಮ್ಮ ಮತಕ್ಕೆ ಸೇರಿದರೆ ಕುದುರೆಯನ್ನೂ ಸಾವಿರ ಚಿನ್ನದ ನಾಣ್ಯಗಳನ್ನೂ ಕೊಡುವೆನೆಂದನಂತೆ. ಪರದೇಶಿಯ ಸರ್ವಸ್ವವೂ ಆ ಪ್ರಾಣಿಯಲ್ಲಿದೆಯೆಂದು ಖಾನನು ಚೆನ್ನಾಗಿ ಅರಿತಿದ್ದನು. ಅರಿತದ್ದನ್ನು ಉರುಳನ್ನಾಗಿ ಮಾಡಿದನು. ನಿಕಿತಿನ್ ಒಪ್ಪಲಿಲ್ಲ; ಖುರಾಸಾನಿನವನೊಬ್ಬನ ಮಧ್ಯಸ್ಥಿಕೆಯಿಂದ ಕುದುರೆ ಹಿಂದಕ್ಕೆ ಬಂದಿತು.

ಬೀದರಿನಲ್ಲಿ ನಡೆದುದೇ ಬೇರೆ. ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ತಿರುಗುತ್ತಿದ್ದ ಅವನು ಇಲ್ಲಿನ ಹಿಂದೂಗಳ ಪರಿಚಯವಾದಾಗ ತಾನು ಕ್ರೈಸ್ತನೆಂದೂ ತನ್ನ ಹೆಸರು ಅಫನಾಸಿ ಎಂದೂ ಬಾಯಿಬಿಟ್ಟು ಹೇಳಿದನು. ಆಮೇಲೆ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮರೆಮಾಚಲಿಲ್ಲವೆಂದು ಅವನೇ ಬರೆದಿದ್ದಾನೆ. ವದಂತಿಯಿಂದ ಅವನಿಗೆ ಸಿಕ್ಕದಿದ್ದ ತಿಳಿವಳಿಕೆ ತನ್ನನ್ನು ತೋರಿಸಿಕೊಂಡದ್ದರಿಂದ ಸಿಕ್ಕಿತು. ಇಂಥ ತಿಳಿವಳಿಕೆಯನ್ನು ನಾನು ಅರಿವೆನ್ನುವೆನು, ಖಾನನದು ಬೇಹುಗಾರಿಕೆ.

ಅಂಕಿಸಂಖ್ಯೆಗಳನ್ನು ನೋಡಲೇಬಾರದೆಂದು ನಾನು ಹೇಳುತ್ತಿಲ್ಲ. ಅಂಗಡಿಯ ಬಾಡಿಗೆ ಕಟ್ಟುವವನಿಗೆ ಜನರು ಏನನ್ನು ಹುಡುಕುತ್ತಿದ್ದಾರೆಂಬುದು ತಿಳಿಯಲೇಬೇಕು. ಆದರೆ ಬಿದ್ರಿ ಸಾಮಾನನ್ನು ಮೊಬೈಲಿನ ಮೂಲಕ ಮಾರುವವನು ಜನಪ್ರಿಯವಾದ ನಾಲ್ಕು ಬರಹಗಳನ್ನು ನೋಡಿ ಪ್ರಾಚೀನ ಕಲೆ, ಅದ್ಭುತ ಕಲೆ ಎಂದು ಐದನೆಯದನ್ನು ಬರೆದರೆ ಯಾರಿಗೇನು ತಿಳಿದಂತಾಯಿತು? ಹೂಜಿಯನ್ನು ಕೈಯಲ್ಲಿ ಹಿಡಿದವರು ಕೇಳುವುದು, ಈ ಕಪ್ಪು ಉಜ್ಜಿದರೆ ಹೋಗುವುದೇ ಎಂದು. ಸತುವಿಗೆ ಅಲ್ಪಸ್ವಲ್ಪ ತಾಮ್ರ ಬೆರೆಸಿ ಎರಕಹೊಯ್ದು, ಮೈಲುತುತ್ತದ ನೀರು ಹಚ್ಚಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಚಿತ್ತಾರ ಕೊರೆದು ಬೆಳ್ಳಿಯ ತಂತಿಯನ್ನು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ ಬಿಸಿ ಮಾಡಿದ ಪಾತ್ರೆಗೆ ಉಜ್ಜಿದಾಗ ಸತುವಿನ ಭಾಗ ಮಾತ್ರ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುವುದನ್ನೂ, ಆ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಯಿಂದ ರುಚಿ ನೋಡಿ ಆರಿಸುವುದನ್ನೂ ಹೇಳಿದರೆ ಕೇಳಿದವರಿಗೆ ಉತ್ತರವಾದರೂ ದೊರೆಯುತ್ತದೆ. ಹಾಗೆ ಬರೆಯುವವನು ತಾನು ಯಾರು, ಪಾತ್ರೆ ಯಾರ ಕೈಯಲ್ಲಿ ತಯಾರಾಯಿತು, ಅದರಲ್ಲಿ ಬೆಳ್ಳಿ ಎಷ್ಟಿದೆ ಎಂಬುದನ್ನೂ, ಓದುವವರ ಬಗ್ಗೆ ತಾನು ಏನೇನು ಬರೆದಿಟ್ಟುಕೊಂಡಿದ್ದಾನೆಂಬುದನ್ನೂ ಅದೇ ಬರಹದಲ್ಲಿ ಹೇಳಲಿ ಎಂಬುದಷ್ಟೇ ನನ್ನ ಬೇಡಿಕೆ.